ಜಯಪತ್ರವೂ ಅದರ ಫಲವೂ: ವಿವಾಹವಿಚ್ಛೇದದ ಡಿಕ್ರಿಯನ್ನು ಮೀರಿದವರ ಮೇಲೆ ನಡೆಯಬಹುದಾದ ಕ್ರಮಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಊರುಗಳಲ್ಲಿ ನಿಂತಿರುವ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ವಿದಿತವಾಗಿಯೇ ಇರುವುದು. ಕೊಟ್ಟವನಾರು, ಪಡೆದವನಾರು, ಭೂಮಿಯ ಎಲ್ಲೆಗಳಾವುವು ಎಂಬುದನ್ನು ಹೇಳಿ ಮುಗಿಸಿದ ಮೇಲೂ ಶಾಸನಕಾರನು ಕಂಠವನ್ನು ಕೆಳಗಿಡುವುದಿಲ್ಲ. ಈ ಧರ್ಮವನ್ನು ಪಾಲಿಸಿದವನಿಗೆ ಇಂತಹ ಪುಣ್ಯ, ಅಳಿದವನಿಗೆ ಇಂತಹ ಪಾಪ ಎಂದು ಶಾಪಾಶಯವನ್ನೂ ಸೇರಿಸುವುದು ಅವನ ರೂಢಿ. ಮಾತನ್ನು ಕಲ್ಲಿನಲ್ಲಿ ಕೊರೆದ ಮಾತ್ರಕ್ಕೆ ಅದು ನಡೆದುಬಿಡದು, ಮೀರುವವನು ಮುಂದೆ ಹುಟ್ಟಿಯೇ ಹುಟ್ಟುವನು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೫ರ ಪ್ರಸಿದ್ಧ ಶಾಸನದಲ್ಲಿ ಇನ್ನೊಂದು ವಿಷಯವುಂಟು. ಊರಿನವರು ಪ್ರತಿಯೊಂದು ವಿವಾಹಕ್ಕೆ ಐದು, ಉಪನಯನಕ್ಕೆ ಎರಡೂವರೆ ನಾಣ್ಯಗಳನ್ನೂ, ಚೌಲಕ್ಕೆ ಅದಕ್ಕಿಂತ ಕಡಿಮೆಯಾದ ಮೊತ್ತವನ್ನೂ ಅಲ್ಲಿಯ ವಿದ್ಯಾಶಾಲೆಗೆ ಸಲ್ಲಿಸಬೇಕೆಂದು ಅದು ವಿಧಿಸುತ್ತದೆ. ಎಂದಮೇಲೆ ವಿವಾಹವೆಂಬುದು ಎರಡು ಮನೆಗಳ ಒಳಮಾತಾಗಿರದೆ, ಊರಿನೆದುರಿಗೆ ಕೆಲವು ಹೊಣೆಗಳನ್ನು ಹುಟ್ಟಿಸುವ ಕಾರ್ಯವಾಗಿದ್ದಿತೆಂದು ಸ್ಪಷ್ಟವಾಗುವುದು. ವಿವಾಹವು ಮುರಿದಾಗಲೂ ಹೊಣೆಗಳು ಹುಟ್ಟುವುವು. ಅವನ್ನು ಇಂದು ನ್ಯಾಯಾಲಯದ ಡಿಕ್ರಿಯು ನಿರ್ಣಯಿಸುತ್ತದೆ. ಆ ಡಿಕ್ರಿಯನ್ನು ಮಾಜಿ ಪತಿಯಾಗಲಿ ಮಾಜಿ ಪತ್ನಿಯಾಗಲಿ ನಡೆಸಿಕೊಡದೆ ಹೋದರೆ ಗತಿಯೇನು ಎಂಬುದೇ ಪ್ರಕೃತ ಲೇಖನದ ವಿಷಯ.

ಈ ಲೇಖಕನು ವಕೀಲನಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಧರ್ಮಶಾಸ್ತ್ರವನ್ನು ಓದಿದವನು. ಆದರೂ ಈ ವಿಷಯಕ್ಕೆ ಕೈಹಾಕಲು ಒಂದು ಕಾರಣವುಂಟು. ಕೆಲವು ತಿಂಗಳ ಹಿಂದೆ ಸಿಂದಗಿ ತಾಲೂಕಿನ ಒಬ್ಬ ಹೆಣ್ಣುಮಗಳು ತನ್ನ ಅಣ್ಣನೊಡನೆ ಮಗಳ ಜಾತಕವನ್ನು ತೋರಿಸಲೆಂದು ನನ್ನ ಮನೆಗೆ ಬಂದಿದ್ದಳು. ಜಾತಕದೊಡನೆ ಅರಿವೆಯಲ್ಲಿ ಸುತ್ತಿದ್ದ ಬೇರೊಂದು ಕಾಗದವನ್ನೂ ಮುಂದಿಟ್ಟಳು. "ಶಾಸ್ತ್ರಿಗಳ, ಕೋರ್ಟಿನ್ಯಾಗ ನಾ ಗೆದ್ದೀನ್ರಿ. ಆದ್ರ ಒಂದು ರೂಪಾಯಿ ಕೈಗೆ ಬಂದಿಲ್ರಿ" ಎಂದಳು. ಓದಿ ನೋಡಲಾಗಿ, ಅದು ವಿಚ್ಛೇದದ ಡಿಕ್ರಿ. ಪೋಟಗಿಯಾಗಿ ಒಂದು ಇಡಿಗಂಟಿನ ಹಣವನ್ನೂ ತವರಿನ ಒಡವೆಗಳನ್ನೂ ಕೊಡಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಡಿಕ್ರಿಯಾಗಿ ಹನ್ನೊಂದು ವರ್ಷ ಮೂರು ತಿಂಗಳು ಕಳೆದಿದ್ದುವು. "ಕೋರ್ಟೇ ಹೇಳಿದ ಮ್ಯಾಲ ಎಲ್ಲಿ ಹೋಕ್ಕಾನ, ಇಂದಿಲ್ಲ ನಾಳೆ ಕೊಡ್ತಾನ ಅಂತ ಹಿರ್‍ಯಾರು ಹೇಳಿದ್ರು" ಎಂದು ಅವಳ ಅಣ್ಣನು ಹೇಳಿದನು. ಇನ್ನು ಒಂಬತ್ತು ತಿಂಗಳು ಸುಮ್ಮನಿದ್ದಿದ್ದರೆ ಆ ಕಾಗದವು ಸುತ್ತಿದ್ದ ಅರಿವೆಗಿಂತ ಹೆಚ್ಚಿನ ಬೆಲೆಯದಾಗಿ ಉಳಿಯುತ್ತಿರಲಿಲ್ಲ. ಇದರ ಕಾರಣವನ್ನು ಮುಂದೆ ವಿವರಿಸುವೆನು.

೧. ಶಾಸ್ತ್ರಕಾರರ ದೃಷ್ಟಿ

ವಿಚ್ಛೇದವೆಂಬುದೇ ನಮ್ಮ ಶಾಸ್ತ್ರಗಳಿಗೆ ಅಪರಿಚಿತವೆಂಬ ಮಾತು ಪೂರ್ಣಸತ್ಯವಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಧರ್ಮಸ್ಥೀಯಾಧಿಕರಣದಲ್ಲಿ ಇದನ್ನು ಮೋಕ್ಷವೆಂಬ ಹೆಸರಿನಿಂದ ಚರ್ಚಿಸಿರುವನು. ಧರ್ಮವಿವಾಹಗಳಿಗೆ ಮೋಕ್ಷವಿಲ್ಲ, ಉಳಿದವುಗಳಲ್ಲಿ ಪರಸ್ಪರದ್ವೇಷವಿದ್ದರೆ ಉಂಟು ಎಂಬುದು ಅವನ ಮತ. ಪತಿಯು ತಾನಾಗಿ ಬಿಡುಗಡೆಯನ್ನು ಬಯಸಿದರೆ ಪತ್ನಿಯಿಂದ ತೆಗೆದುಕೊಂಡುದನ್ನು ಹಿಂದಕ್ಕೆ ಕೊಡಬೇಕೆಂದೂ ಅವನು ಹೇಳುವನು. ನಾರದಪರಾಶರರು ಪತಿಯು ಕಾಣದೆ ಹೋಗುವುದೇ ಮೊದಲಾದ ಐದು ಆಪತ್ತುಗಳಲ್ಲಿ ಸ್ತ್ರೀಗೆ ಅನ್ಯಪತಿಯನ್ನು ವಿಧಿಸಿರುವರು. ಯಾಜ್ಞವಲ್ಕ್ಯನಂತೂ, ನಿರ್ದೋಷಿಯಾದ ಪತ್ನಿಯನ್ನು ತ್ಯಜಿಸಿದವನಿಂದ ಅವನ ದ್ರವ್ಯದ ಮೂರನೆಯ ಒಂದು ಭಾಗವನ್ನು ಅವಳಿಗೆ ಕೊಡಿಸಬೇಕು, ದ್ರವ್ಯವಿಲ್ಲದಿದ್ದರೆ ಭರಣವನ್ನಾದರೂ ಕೊಡಿಸಬೇಕು ಎಂದು ಆಚಾರಾಧ್ಯಾಯದಲ್ಲಿ ವಿಧಿಸಿರುವನು. ಈ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು, ನಮ್ಮ ಈ ನೆಲವನ್ನಾಳಿದ ಚಾಲುಕ್ಯರ ಆಶ್ರಯದವನು ಎಂಬುದು ಇಲ್ಲಿ ಸ್ಮರಣೀಯ.

ಯಾಜ್ಞವಲ್ಕ್ಯನು ಕೊಡಬೇಕು ಎನ್ನುವುದಿಲ್ಲ, ಕೊಡಿಸಬೇಕು ಎನ್ನುತ್ತಾನೆ. ಕೊಡಿಸುವವನು ರಾಜನು. ವ್ಯವಹಾರದಲ್ಲಿ ಗೆದ್ದವನಿಗೆ ರಾಜನ ಸಭೆಯಿಂದ ಜಯಪತ್ರವು ದೊರೆಯುತ್ತಿತ್ತು. ಸಾಲಗಾರನು ಆದರೂ ಕೊಡದಿದ್ದರೆ ರಾಜನು ಅವನಿಂದ ವಸೂಲುಮಾಡಿ, ಸಾಧಿಸಿದ ಹಣದ ಮೇಲೆ ಸಾಲಗಾರನಿಂದ ನೂರಕ್ಕೆ ಹತ್ತನ್ನೂ, ಹಣವನ್ನು ಪಡೆದ ಧನಿಕನಿಂದ ನೂರಕ್ಕೆ ಐದನ್ನೂ ತೆಗೆದುಕೊಳ್ಳಬೇಕೆಂದು ಅದೇ ಸ್ಮೃತಿಯ ವಿಧಿ. ಜಯಪತ್ರವು ಒಂದು, ಅದರ ಫಲವನ್ನು ಸಾಧಿಸುವುದು ಮತ್ತೊಂದು. ಎರಡನೆಯದಕ್ಕೆ ಗೆದ್ದವನೇ ಮತ್ತೊಮ್ಮೆ ರಾಜದ್ವಾರಕ್ಕೆ ಹೋಗಿ ಕೇಳಬೇಕು. ಇಂದಿನ ಕಾಯಿದೆಯ ತಿರುಳೂ ಇದೇ.

೨. ಸೋಡಚೀಟಿಯೂ ಡಿಕ್ರಿಯೂ

ಡಿಕ್ರಿಯ ಉಲ್ಲಂಘನೆಯನ್ನು ವಿಚಾರಿಸುವ ಮೊದಲು, ಕೈಯಲ್ಲಿರುವ ಕಾಗದವು ಡಿಕ್ರಿಯೇ ಅಹುದೇ ಎಂಬುದನ್ನು ನೋಡಿಕೊಳ್ಳಬೇಕು. ನಮ್ಮ ಭಾಗದ ಅನೇಕ ಜನವರ್ಗಗಳಲ್ಲಿ ಹಿರಿಯರ ಎದುರಿಗೆ ಸೋಡಚೀಟಿಯನ್ನು ಬರೆದುಕೊಟ್ಟು ಸಂಬಂಧವನ್ನು ಬಿಡಿಸಿಕೊಳ್ಳುವ, ಬಳಿಕ ಹೆಣ್ಣು ಉಡಿಕೆಯಾಗುವ ಪದ್ಧತಿಯು ಬಹುಕಾಲದಿಂದ ಬಂದಿದೆ. ಮುಂಬಯಿ ಇಲಾಖೆಯ ಕಾಲದಲ್ಲಿಯೇ ಈ ಪದ್ಧತಿಯು ನ್ಯಾಯಾಲಯದ ಪರೀಕ್ಷೆಗೆ ಒಳಗಾಯಿತು. ವಿವಾಹವನ್ನು ರದ್ದುಪಡಿಸುವ ಅಥವಾ ಹೆಣ್ಣಿಗೆ ಮರುವಿವಾಹದ ಅನುಮತಿಯನ್ನೀಯುವ ಅಧಿಕಾರವನ್ನು ಜಾತಿಪಂಚಾಯತಿಗೆ ನ್ಯಾಯಾಲಯವು ಒಪ್ಪದು ಎಂದು ಮುಂಬಯಿ ಹೈಕೋರ್ಟು ೧೮೭೬ರಲ್ಲಿ ನಿರ್ಣಯಿಸಿತು. ಮುಂದೆ ಮುಂಬಯಿ ಪ್ರಾಂತದ ೧೯೪೭ರ ಹಿಂದೂ ವಿಚ್ಛೇದನ ಕಾಯಿದೆಯು ಆ ಪ್ರಾಂತದ ಹಿಂದೂಗಳಿಗೆ ನ್ಯಾಯಾಲಯದ ಮೂಲಕ ವಿಚ್ಛೇದವನ್ನು ಪಡೆಯುವ ದಾರಿಯನ್ನು ತೆರೆಯಿತು. ಅಂದು ವಿಜಾಪುರ ಜಿಲ್ಲೆಯು ಆ ಪ್ರಾಂತಕ್ಕೆ ಸೇರಿದ್ದುದರಿಂದ ನಮ್ಮ ನಾಲ್ಕು ತಾಲೂಕುಗಳಿಗೂ ಅದು ಅನ್ವಯಿಸಿತು. ೧೯೫೫ರ ಹಿಂದೂ ವಿವಾಹ ಕಾಯಿದೆಯು ಅದರ ಸ್ಥಾನಕ್ಕೆ ಬಂದಿತು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು.

೧೯೫೫ರ ಕಾಯಿದೆಯ ೨೯ನೆಯ ಕಲಮು ರೂಢಿಯಿಂದ ಬಂದ ವಿಚ್ಛೇದದ ಹಕ್ಕನ್ನು ಉಳಿಸಿಕೊಟ್ಟಿರುವುದು ನಿಜ. ಆದರೆ ಅಂತಹ ರೂಢಿಯು ಸಾಮಾನ್ಯ ಕಾಯಿದೆಗೆ ಅಪವಾದವಾದುದರಿಂದ ಅದನ್ನು ವಿಶೇಷವಾಗಿ ಪ್ರತಿಪಾದಿಸಿ ಸಾಕ್ಷ್ಯದಿಂದ ಸಿದ್ಧಪಡಿಸಬೇಕೆಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ಹೇಳಿರುವುದು. ರೂಢಿಯು ಸಿದ್ಧವಾದರೂ ಸೋಡಚೀಟಿಯು ಡಿಕ್ರಿಯಾಗದು. ಐದು ಜನ ಹಿರಿಯರು ಸಹಿ ಮಾಡಿದ ಛಾಪಾ ಕಾಗದದಲ್ಲಿ ಇಷ್ಟು ಹಣವನ್ನು ಕೊಡುವೆನೆಂದು ಬರೆದುಕೊಟ್ಟವನು ಕೊಡದಿದ್ದರೆ, ಆ ಕಾಗದವನ್ನೇ ಹಿಡಿದು ಜಪ್ತಿಗೆ ಅರ್ಜಿ ಮಾಡಲು ಬಾರದು. ಅದರ ಆಧಾರದಿಂದ ಬೇರೆ ದಾವೆಯನ್ನು ಹೂಡಬೇಕಾಗುವುದು, ಇಲ್ಲವೆ ಪೋಟಗಿಗಾಗಿ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಮಾಡಬೇಕಾಗುವುದು.

ಕೋರ್ಟಿನಲ್ಲಿಯೇ ಪರಸ್ಪರ ಸಮ್ಮತಿಯಿಂದ ವಿಚ್ಛೇದವನ್ನು ಪಡೆದವರೂ ಒಂದು ತಪ್ಪನ್ನು ಮಾಡುವುದುಂಟು. ೧೯೭೬ರ ತಿದ್ದುಪಡಿಯಿಂದ ಬಂದ ೧೩-ಬ ಕಲಮಿನಂತೆ ಡಿಕ್ರಿಯಾಗುವಾಗ, ಹಣ ಹೊಲ ಮಕ್ಕಳ ವಿಷಯದ ಕರಾರನ್ನು ಹೊರಗೆ ಬೇರೊಂದು ಕಾಗದದಲ್ಲಿ ಬರೆದಿಟ್ಟುಕೊಂಡು, ಡಿಕ್ರಿಯಲ್ಲಿ ವಿವಾಹವು ರದ್ದಾಯಿತೆಂಬ ಒಂದೇ ಮಾತನ್ನು ಬರೆಯಿಸಿಕೊಳ್ಳುತ್ತಾರೆ. ಜಾರಿಗೊಳ್ಳುವುದು ಡಿಕ್ರಿಯಲ್ಲಿದ್ದ ಮಾತು ಮಾತ್ರ. ಆದುದರಿಂದ ಕರಾರಿನ ಪ್ರತಿಯೊಂದು ಅಂಶವೂ, ಯಾರು, ಎಷ್ಟು, ಯಾವ ತಾರೀಖಿನೊಳಗೆ ಎಂಬುದರ ಸಹಿತವಾಗಿ, ಡಿಕ್ರಿಯೊಳಗೇ ಸೇರಿರುವಂತೆ ನೋಡಿಕೊಳ್ಳುವುದು ಆವಶ್ಯಕ.

೩. ಹಣದ ಡಿಕ್ರಿಯನ್ನು ನಡೆಸುವ ಬಗೆ

ಹಿಂದೂ ವಿವಾಹ ಕಾಯಿದೆಯ ೨೮-ಅ ಕಲಮಿನಂತೆ, ಆ ಕಾಯಿದೆಯ ಡಿಕ್ರಿಗಳೂ ಆಜ್ಞೆಗಳೂ ಸಿವಿಲ್ ನ್ಯಾಯಾಲಯದ ಇತರ ಡಿಕ್ರಿಗಳಂತೆಯೇ ಜಾರಿಗೊಳ್ಳತಕ್ಕವು. ಜಾರಿಯ ವಿಧಾನವು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೨೧ನೆಯ ಆದೇಶದಲ್ಲಿದೆ. ಡಿಕ್ರಿಯನ್ನು ಕೊಟ್ಟ ಕೋರ್ಟಿಗೆ ಜಾರಿಯ ಅರ್ಜಿಯನ್ನು ಕೊಡಬೇಕು. ನಮ್ಮ ಹಳೆಯ ಜನರು ಇದನ್ನು ದರಖಾಸ್ತು ಎನ್ನುವರು. ಡಿಕ್ರಿಯಾಗಿ ಎರಡು ವರ್ಷ ಕಳೆದಿದ್ದರೆ ಎದುರಾಳಿಗೆ ಮೊದಲು ನೋಟೀಸು ಹೋಗುವುದು.

ಹಣವನ್ನು ಕೊಡದವನ ಆಸ್ತಿಯನ್ನು ಜಪ್ತಿಮಾಡಿ ಲಿಲಾವು ಮಾಡಿಸಬಹುದು. ಆಸ್ತಿಯಾವುದೆಂದು ತಿಳಿಯದಿದ್ದರೆ ಅವನನ್ನೇ ಕೋರ್ಟಿಗೆ ಕರೆಯಿಸಿ ಪ್ರಮಾಣಪೂರ್ವಕವಾಗಿ ಹೇಳಿಸುವ ಅಧಿಕಾರವು ೪೧ನೆಯ ನಿಯಮದಲ್ಲಿದೆ. ಆಸ್ತಿಯ ಪ್ರಮಾಣಪತ್ರವನ್ನು ಕೊಡೆಂಬ ಆಜ್ಞೆಯನ್ನು ಮೀರಿದವನನ್ನು ಮೂರು ತಿಂಗಳವರೆಗೆ ಸಿವಿಲ್ ಬಂದೀಖಾನೆಯಲ್ಲಿಡಬಹುದು. ಒಕ್ಕಲುತನದ ಸೀಮೆಯಾದ ನಮ್ಮಲ್ಲಿ ಜಪ್ತಿಯ ವಿಷಯವು ವಿಶೇಷವಾಗಿ ತಿಳಿಯಬೇಕಾದುದು. ಒಕ್ಕಲಿಗನ ಕೃಷಿಯ ಉಪಕರಣಗಳು, ಜೀವನಕ್ಕೆ ಬೇಕಾದ ಎತ್ತು ಬೀಜಗಳು, ಅವನು ವಾಸಿಸುವ ಮನೆ ಇವುಗಳಿಗೆ ೬೦ನೆಯ ಕಲಮಿನ ರಕ್ಷಣೆಯುಂಟು. ಹೊಲಕ್ಕೆ ಆ ರಕ್ಷಣೆಯಿಲ್ಲ. ಹೊಲದಲ್ಲಿ ನಿಂತ ಬೆಳೆಯನ್ನು ಜಪ್ತಿಮಾಡುವ ಕ್ರಮವೂ ೪೪ನೆಯ ನಿಯಮದಲ್ಲಿದೆ. ವಾರಂಟಿನ ಪ್ರತಿಯನ್ನು ಆ ಹೊಲದಲ್ಲಿಯೇ ಅಂಟಿಸಬೇಕು. ಇಂಡಿಯ ಲಿಂಬೆಯ ತೋಟದವನು ನನ್ನ ಕೈಯಲ್ಲಿ ರೊಕ್ಕವಿಲ್ಲವೆಂದು ಹೇಳಿದರೆ ಅಲ್ಲಿಗೆ ಮಾತು ಮುಗಿಯಲಿಲ್ಲವೆಂದು ಇದರಿಂದ ತಿಳಿಯಬಹುದು.

ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಆಲಮಟ್ಟಿ ನಾರಾಯಣಪುರಗಳ ಸುತ್ತ ಭೂಮಿಯನ್ನು ಕಳೆದುಕೊಂಡ ಕುಟುಂಬಗಳು ಬಾಗೇವಾಡಿ ಮುದ್ದೇಬಿಹಾಳ ಸೀಮೆಗಳಲ್ಲಿ ಬಹಳ. ಅಂತಹವರಿಗೆ ಸಲ್ಲುವ ಪರಿಹಾರದ ಹಣವು ಕೋರ್ಟಿನಲ್ಲಿಯೋ ಸರಕಾರಿ ಅಧಿಕಾರಿಯ ಬಳಿಯಲ್ಲಿಯೋ ಇರುವಾಗಲೇ ಅದನ್ನು ಜಪ್ತಿಮಾಡಿಸಲು ೫೨ನೆಯ ನಿಯಮವು ಅವಕಾಶವನ್ನಿತ್ತಿದೆ. ಹಣವು ಕೈಸೇರಿ ಕರಗಿದ ಮೇಲೆ ಅಳುವುದಕ್ಕಿಂತ ಇದು ಮೇಲು.

ಪಗಾರದವನಾದರೆ ದಾರಿಯು ಇನ್ನೂ ಸುಗಮ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಪಗಾರದ ಬಹುಭಾಗಕ್ಕೆ ರಕ್ಷಣೆಯಿರುವುದು. ಪೋಟಗಿಯ ಡಿಕ್ರಿಯಲ್ಲಾದರೋ ಮೂರನೆಯ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಉಳಿದ ಎರಡು ಭಾಗಗಳವರೆಗೆ ಜಪ್ತಿಮಾಡಿ, ಪಗಾರ ಬಟವಡೆ ಮಾಡುವ ಅಧಿಕಾರಿಯೇ ತಿಂಗಳು ತಿಂಗಳು ಕಡಿದು ಕಳಿಸುವಂತೆ ಆಜ್ಞಾಪಿಸಬಹುದು. ಕೂಲಿಕಾರನ ಕೂಲಿಯು ಮಾತ್ರ ಜಪ್ತಿಗೆ ಒಳಪಡದು.

ಶಕ್ತಿಯಿದ್ದೂ ಕೊಡದವನನ್ನು ಬಂಧಿಸಲೂ ಬರುವುದು. ಆದರೆ ಬಡತನಕ್ಕಾಗಿ ಯಾರನ್ನೂ ಸೆರೆಯಲ್ಲಿಡಲಾಗದು. ಅವನಿಗೆ ಹಣವಿತ್ತು, ಅಥವಾ ಆಸ್ತಿಯನ್ನು ಮರೆಸಿದನು ಎಂಬುದನ್ನು ಕೋರ್ಟಿಗೆ ಮನಗಾಣಿಸಬೇಕು. ಡಿಕ್ರಿಯ ಮೊತ್ತವು ೫,೦೦೦ ರೂಪಾಯಿಗಳನ್ನು ಮೀರಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಬಂದೀಖಾನೆ. ಅಲ್ಲಿ ಅವನ ಊಟದ ಭತ್ಯೆಯನ್ನು ಡಿಕ್ರಿದಾರರೇ ಮೊದಲು ಕಟ್ಟಬೇಕು. ಸೆರೆಯಿಂದ ಹೊರಬಂದ ಮಾತ್ರಕ್ಕೆ ಋಣವು ತೀರದು. ಹಣದ ಡಿಕ್ರಿಗಾಗಿ ಸ್ತ್ರೀಯನ್ನು ಬಂಧಿಸಲು ೫೬ನೆಯ ಕಲಮು ಅವಕಾಶವನ್ನು ಕೊಡುವುದಿಲ್ಲ.

ಹೊಲವನ್ನು ಅಣ್ಣತಮ್ಮಂದಿರ ಹೆಸರಿಗೆ ಮಾಡಿ ಬರಿಗೈ ತೋರಿಸುವುದು ನಮ್ಮಲ್ಲಿ ಬಹಳವಾಗಿ ಕಾಣುವ ಉಪಾಯ. ಭೂಮಿಯ ಆದಾಯದಿಂದ ಪೋಟಗಿ ಪಡೆಯುವ ಹಕ್ಕುಳ್ಳವರು, ಆ ಹಕ್ಕನ್ನು ತಿಳಿದು ಕೊಂಡವನ ಮೇಲೂ, ಪುಕ್ಕಟೆಯಾಗಿ ಪಡೆದವನ ಮೇಲೂ ಅದನ್ನು ನಡೆಸಬಹುದೆಂದು ೧೮೮೨ರ ಆಸ್ತಿವರ್ಗಾವಣೆ ಕಾಯಿದೆಯ ೩೯ನೆಯ ಕಲಮು ಹೇಳುವುದು. ಇದಕ್ಕಿಂತ ಮೇಲಾದುದು ಮುಂಜಾಗ್ರತೆ. ೨೫ನೆಯ ಕಲಮಿನಂತೆ ಪೋಟಗಿಯನ್ನು ವಿಧಿಸುವಾಗಲೇ ಅದನ್ನು ಸ್ಥಿರಾಸ್ತಿಯ ಮೇಲೆ ಭಾರವಾಗಿ ಹೊರಿಸುವಂತೆ ಕೋರ್ಟನ್ನು ಪ್ರಾರ್ಥಿಸಿ, ಆ ಬೋಜಾವನ್ನು ಉತಾರದಲ್ಲಿ ನಮೂದು ಮಾಡಿಸಿದರೆ, ತಿಳಿಯದೆ ಕೊಂಡೆನೆಂದು ಮುಂದೆ ಯಾರೂ ಹೇಳುವಂತಿಲ್ಲ.

೪. ಮ್ಯಾಜಿಸ್ಟ್ರೇಟರ ಮುಂದಿನ ದಾರಿ

ತಿಂಗಳು ತಿಂಗಳು ಪೋಟಗಿಯನ್ನು ಕೊಡಬೇಕೆಂಬ ಆಜ್ಞೆಯು ಹಿಂದೆ ದಂಡಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನಂತೆ ಆಗುತ್ತಿತ್ತು. ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮು ಅದರ ಸ್ಥಾನಕ್ಕೆ ಬಂದಿದೆ. ವಿಚ್ಛೇದವಾದರೂ ಮರುವಿವಾಹವಾಗದ ಸ್ತ್ರೀಯು ಇಲ್ಲಿಯ ಪತ್ನೀಶಬ್ದದಲ್ಲಿ ಅಂತರ್ಭೂತಳು. ಸಕಾರಣವಿಲ್ಲದೆ ಕೊಡದವನ ಮೇಲೆ, ದಂಡವನ್ನು ವಸೂಲುಮಾಡುವಂತೆ, ಪ್ರತಿಯೊಂದು ಬಾಕಿಗೂ ವಾರಂಟು ಹೊರಡಿಸಬಹುದು. ಆಮೇಲೂ ಬಾಕಿಯುಳಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ ವಿಧಿಸಬಹುದು. ಸೆರೆಯು ಕೊಡಿಸುವ ಉಪಾಯವೇ ಹೊರತು ಕೊಟ್ಟುದಕ್ಕೆ ಸಮಾನವಲ್ಲವೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಈ ಕಾಯಿದೆಯಂತಾದ ಆಜ್ಞೆಯನ್ನು ಎದುರಾಳಿಯು ಇರುವ ಯಾವ ಸ್ಥಳದಲ್ಲಿಯಾದರೂ ಅಲ್ಲಿಯ ಮ್ಯಾಜಿಸ್ಟ್ರೇಟರು ಜಾರಿಗೊಳಿಸಬಹುದು. ಗೋವೆಗೋ ಮಹಾರಾಷ್ಟ್ರದ ಕಬ್ಬಿನ ಸೀಮೆಗೋ ದುಡಿಯಲು ಹೋಗಿ ಕುಳಿತವರ ವಿಷಯದಲ್ಲಿ, ಜಪ್ತಿಗೆ ಒಳಪಡದ ಕೂಲಿಕಾರರ ವಿಷಯದಲ್ಲಿ, ಇದೇ ಹೆಚ್ಚು ಉಪಯುಕ್ತವಾದ ದಾರಿ.

ಆದರೆ ಇಲ್ಲಿ ಕಾಲದ ಕಟ್ಟು ಬಲು ಬಿಗಿ. ಹಣವು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿಮಾಡದಿದ್ದರೆ ಆ ಬಾಕಿಗೆ ವಾರಂಟು ಹೊರಡದು. ಒಂದು ಅರ್ಜಿಯು ಸಕಾಲದಲ್ಲಿ ಸಲ್ಲಿ ವಿಚಾರಣೆಯಲ್ಲಿರುವಾಗ ಮುಂದಿನ ಬಾಕಿಗಳನ್ನು ಅದರಲ್ಲಿಯೇ ಕೇಳಬಹುದೆಂದು ಕರ್ನಾಟಕದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೦೫ರಲ್ಲಿ ಹೇಳಿದೆ. ೨೦೨೦ರ ನವೆಂಬರ್ ೪ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಪೋಟಗಿಯು ಅರ್ಜಿಯ ದಿನದಿಂದಲೇ ಸಲ್ಲಬೇಕೆಂದೂ, ಉಭಯರೂ ಆಸ್ತಿ ಆದಾಯಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದೂ, ಪೋಟಗಿಯ ಆಜ್ಞೆಯನ್ನು ಹಣದ ಡಿಕ್ರಿಯಂತೆಯೂ ಜಾರಿಗೊಳಿಸಬಹುದೆಂದೂ ವಿಧಿಸಿರುವುದು.

ಮುಸಲ್ಮಾನ ಬಾಂಧವರು ಬಹುಸಂಖ್ಯೆಯಲ್ಲಿರುವ ಈ ಜಿಲ್ಲೆಯಲ್ಲಿ ಅವರ ವಿಷಯವನ್ನೂ ಹೇಳುವುದು ಉಚಿತ. ೧೯೮೫ರ ಶಾಬಾನೋ ತೀರ್ಪಿನ ಬಳಿಕ ೧೯೮೬ರಲ್ಲಿ ವಿಚ್ಛೇದಿತ ಮುಸ್ಲಿಂ ಸ್ತ್ರೀಯರಿಗಾಗಿ ಬೇರೆ ಕಾಯಿದೆಯು ಬಂದಿತು. ಇದ್ದತ್ತಿನ ಅವಧಿಯೊಳಗೆ ಪತಿಯು ಅವಳ ಮುಂದಿನ ಜೀವನಕ್ಕೂ ಸಾಕಾಗುವ ನ್ಯಾಯವಾದ ವ್ಯವಸ್ಥೆಯನ್ನು ಮಾಡಬೇಕೆಂದು ೨೦೦೧ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಅರ್ಥಮಾಡಿತು. ಅವಳಿಗೆ ದಂಡಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನ ದಾರಿಯೂ ತೆರೆದಿದೆಯೆಂದು ೨೦೨೪ರ ಜುಲೈ ೧೦ರಂದು ಸ್ಪಷ್ಟಪಡಿಸಿತು.

೫. ಒಡವೆ, ಭೂಮಿ, ಮಕ್ಕಳು

ಸ್ತ್ರೀಧನವು ಸ್ತ್ರೀಯದೇ ಎಂಬುದು ಸ್ಮೃತಿಕಾರರಿಗೂ ಇಂದಿನ ನ್ಯಾಯಾಲಯಗಳಿಗೂ ಸಮ್ಮತವಾದ ಮಾತು. ನಿರ್ದಿಷ್ಟವಾದ ಒಡವೆಗಳನ್ನು ಕೊಡಬೇಕೆಂದು ಡಿಕ್ರಿಯಾಗಿದ್ದರೆ ೩೧ನೆಯ ನಿಯಮದಂತೆ ಅವನ್ನೇ ಹಿಡಿದು ಕೊಡಿಸಬಹುದು, ಕೊಡದವನ ಆಸ್ತಿಯನ್ನು ಜಪ್ತಿಮಾಡಬಹುದು. ನಂಬಿಕೆಯಿಂದ ಇಟ್ಟ ಸ್ತ್ರೀಧನವನ್ನು ನುಂಗಿದರೆ ಅದು ವಿಶ್ವಾಸದ್ರೋಹದ ಅಪರಾಧವೂ ಆಗಬಹುದೆಂದು ಸುಪ್ರೀಂ ಕೋರ್ಟು ೧೯೮೫ರಲ್ಲಿಯೇ ಹೇಳಿರುವುದು. ಹೊಲಮನೆಗಳನ್ನು ಬರೆದುಕೊಡಬೇಕಾದವನು ಸಬ್ ರಜಿಸ್ಟ್ರಾರರ ಕಚೇರಿಗೆ ಬರಲೊಲ್ಲನಾದರೆ, ೩೪ನೆಯ ನಿಯಮದಂತೆ ಕೋರ್ಟೇ ಅವನ ಪರವಾಗಿ ಪತ್ರಕ್ಕೆ ಸಹಿ ಮಾಡಿಸಿಕೊಡುವುದು. ಸ್ವಾಧೀನವನ್ನು ಬಿಡದಿದ್ದರೆ ೩೫ನೆಯ ನಿಯಮದಂತೆ ಬೇಲೀಫನು ಬಂದು ಬಿಡಿಸಿಕೊಡುವನು. ವಿಚ್ಛೇದದ ಬಳಿಕವೂ ಬಂದು ಪೀಡಿಸುವವನ ಮೇಲೆ ೨೦೦೫ರ ಕೌಟುಂಬಿಕ ಹಿಂಸೆಯ ಕಾಯಿದೆಯಂತೆ ರಕ್ಷಣೆಯ ಆಜ್ಞೆಯನ್ನು ಪಡೆಯಬಹುದು. ಅದನ್ನು ಮೀರುವುದು ಒಂದು ವರ್ಷದವರೆಗಿನ ಸೆರೆಗೆ ಅಥವಾ ೨೦,೦೦೦ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾದ ಅಪರಾಧ.

ಮಕ್ಕಳ ವಿಷಯದಲ್ಲಿ ಉಲ್ಲಂಘನೆಯು ಉಭಯಪಕ್ಷಗಳಿಂದಲೂ ಆಗುತ್ತದೆ. ಅವನು ಹಣ ಕೊಡಲಿಲ್ಲ, ಆದುದರಿಂದ ಕೂಸನ್ನು ತೋರಿಸೆನು ಎಂದು ತಾಯಿಯು ಹೇಳುವಳು. ಕೂಸನ್ನು ತೋರಿಸಲಿಲ್ಲ, ಆದುದರಿಂದ ಹಣವನ್ನು ಕೊಡೆನು ಎಂದು ತಂದೆಯು ಹೇಳುವನು. ಕಾಯಿದೆಯು ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡುವುದು. ಹಣವು ಕೂಸಿನ ಹೊಟ್ಟೆಗೆ, ಭೇಟಿಯು ಕೂಸಿನ ಮನಸ್ಸಿಗೆ. ಒಂದನ್ನು ಮತ್ತೊಂದಕ್ಕೆ ಒತ್ತೆಯಾಗಿಡಲು ಯಾರಿಗೂ ಅಧಿಕಾರವಿಲ್ಲ. ಭೇಟಿಯ ಆಜ್ಞೆಯನ್ನು ಮೀರಿದರೆ ಜಾರಿಯ ಅರ್ಜಿಯನ್ನು ಮಾಡಬಹುದು. ಅಥವಾ ೨೬ನೆಯ ಕಲಮಿನಂತೆ ಆ ವ್ಯವಸ್ಥೆಯನ್ನೇ ಮಾರ್ಪಡಿಸೆಂದು ಕೇಳಬಹುದು. ಅಲ್ಲಿ ನ್ಯಾಯಾಧೀಶರು ತಂದೆತಾಯಿಗಳ ಗೆಲವು ಸೋಲನ್ನು ಬದಿಗಿಟ್ಟು ಕೂಸಿನ ಹಿತವನ್ನು ಮುಂದಿಟ್ಟುಕೊಂಡು ವಿಚಾರಿಸುವರು.

ಕೊಡಬೇಕಾದವನಿಗೆ ನಿಜವಾಗಿಯೇ ಕಷ್ಟ ಬಂದಿದ್ದರೆ, ಮಳೆ ಹೋಗಿ ಬೆಳೆ ಹೋಗಿದ್ದರೆ, ಅವನಿಗೂ ದಾರಿಯುಂಟು. ೨೫ನೆಯ ಕಲಮಿನ ಎರಡನೆಯ ಭಾಗದಂತೆ ಪೋಟಗಿಯನ್ನು ತಗ್ಗಿಸೆಂದು ಅರ್ಜಿಮಾಡಿಕೊಳ್ಳಬಹುದು. ಬೆಲೆ ಏರಿದರೆ ಹೆಚ್ಚಿಸೆಂದು ಪಡೆಯುವವಳೂ ಕೇಳಬಹುದು. ಆಜ್ಞೆಯು ಬದಲಾಗುವವರೆಗೆ ಹಳೆಯ ಆಜ್ಞೆ ನಡೆಯತಕ್ಕದ್ದು. ಮೇಲಿನ ಕೋರ್ಟಿಗೆ ಅಪೀಲು ಮಾಡಿದ ಮಾತ್ರಕ್ಕೆ ಡಿಕ್ರಿಯು ನಿಲ್ಲದು. ತಡೆಯಾಜ್ಞೆಯನ್ನು ಬೇರೆಯಾಗಿ ಪಡೆಯಬೇಕು.

೬. ನ್ಯಾಯಾಲಯದ ಅವಹೇಳನ

ಡಿಕ್ರಿಯನ್ನು ಮೀರಿದವನು ಕೋರ್ಟಿನ ಮಾತನ್ನು ಮೀರಿದನಾದುದರಿಂದ ಅವನಿಗೆ ಅವಹೇಳನದ ಶಿಕ್ಷೆಯಾಗಬೇಡವೇ ಎಂದು ಅನೇಕರು ಕೇಳುವರು. ೧೯೭೧ರ ಕಾಯಿದೆಯಂತೆ, ಬುದ್ಧಿಪೂರ್ವಕವಾಗಿ ಆಜ್ಞೆಯನ್ನು ಮೀರುವುದೂ ಕೋರ್ಟಿಗೆ ಕೊಟ್ಟ ವಚನಕ್ಕೆ ತಪ್ಪುವುದೂ ಸಿವಿಲ್ ಅವಹೇಳನವಾಗುವುದು. ಆರು ತಿಂಗಳವರೆಗೆ ಸೆರೆ, ೨,೦೦೦ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೆಳಗಿನ ಕೋರ್ಟುಗಳ ಅವಹೇಳನವನ್ನು ವಿಚಾರಿಸುವ ಅಧಿಕಾರವು ಹೈಕೋರ್ಟಿನದು. ನಮ್ಮ ಜಿಲ್ಲೆಗೆ ಅದು ಕಲಬುರ್ಗಿಯ ಪೀಠ. ೨೦೦೮ರಲ್ಲಿ ಸಂಚಾರಿಪೀಠವಾಗಿ ಆರಂಭವಾಗಿ ೨೦೧೩ರಲ್ಲಿ ಸ್ಥಿರಪೀಠವಾಯಿತು. ಅವಹೇಳನವಾದ ದಿನದಿಂದ ಒಂದು ವರ್ಷದೊಳಗೆ ಈ ಕ್ರಮವು ಆರಂಭವಾಗಬೇಕು.

ಆದರೆ ಜಾರಿಯ ಅರ್ಜಿಯಿಂದ ಆಗುವ ಕೆಲಸಕ್ಕೆ ಈ ಅಸ್ತ್ರವನ್ನು ತೊಡುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮೆಚ್ಚವು. ಹಣ ಬಾರದ ಮಾತ್ರಕ್ಕೆ ಅವಹೇಳನವೆನ್ನಲಾಗದು. ಫಿರ್ಯಾದುಗಳನ್ನು ಹಿಂದೆಗೆಯುವೆನೆಂದು, ಇಂಥ ದಿನ ಮನೆಯನ್ನು ಬಿಡುವೆನೆಂದು ಕೋರ್ಟಿನ ಎದುರಿಗೆ ವಚನವನ್ನಿತ್ತು, ಅದರಿಂದ ಲಾಭವನ್ನು ಪಡೆದು ಬಳಿಕ ಹಿಂಜರಿದವರ ವಿಷಯದಲ್ಲಿ ಇದು ಹೆಚ್ಚು ಸಮಂಜಸ.

೭. ಕಾಲ, ಸ್ಥಳ, ವೆಚ್ಚ

ಇನ್ನು ಮೊದಲು ಹೇಳಿದ ಹೆಣ್ಣುಮಗಳ ಡಿಕ್ರಿಗೆ ಬರುವೆನು. ೧೯೬೩ರ ಕಾಲಮಿತಿ ಕಾಯಿದೆಯ ೧೩೬ನೆಯ ಅನುಚ್ಛೇದದಂತೆ, ಸಿವಿಲ್ ಡಿಕ್ರಿಯ ಜಾರಿಗೆ ಅದು ಜಾರಿಗೆ ಅರ್ಹವಾದ ದಿನದಿಂದ ಹನ್ನೆರಡು ವರ್ಷಗಳ ಅವಧಿ. ತಿಂಗಳ ಪೋಟಗಿಯಾದರೆ ಪ್ರತಿಯೊಂದು ಕಂತಿಗೂ ಅದು ತಪ್ಪಿದ ದಿನದಿಂದ ಹನ್ನೆರಡು ವರ್ಷ. ಇಡಿಗಂಟಾದರೆ ಒಂದೇ ಅವಧಿ. ಅದು ಕಳೆದರೆ ಎಲ್ಲವೂ ಕಳೆಯಿತು. ಹನ್ನೊಂದು ವರ್ಷ ಮೂರು ತಿಂಗಳು ಹಿರಿಯರ ಮಾತನ್ನು ನಂಬಿ ಕುಳಿತವಳಿಗೆ ಉಳಿದಿದ್ದುದು ಒಂಬತ್ತು ತಿಂಗಳು ಮಾತ್ರವೆಂದು ನಾನು ಹೇಳಿದುದು ಇದರಿಂದಲೇ. ಹಿರಿಯರು ಕೆಟ್ಟವರೇನಲ್ಲ. ಗೆದ್ದ ಮಾತು ತಾನಾಗಿ ನಡೆಯುವುದೆಂದು ಅವರೂ ನಂಬಿದ್ದರು.

ಅರ್ಜಿಯನ್ನು ಕೊಡಬೇಕಾದುದು ಡಿಕ್ರಿಯನ್ನಿತ್ತ ಕೋರ್ಟಿಗೆ. ಈ ತಾಲೂಕುಗಳಲ್ಲಿ ಸಿವಿಲ್ ನ್ಯಾಯಾಧೀಶರ ಕೋರ್ಟುಗಳುಂಟು. ವಿಜಯಪುರದಲ್ಲಿ ಕೌಟುಂಬಿಕ ನ್ಯಾಯಾಲಯವುಂಟು. ಎದುರಾಳಿಯ ಆಸ್ತಿಯು ಬೇರೆ ಕೋರ್ಟಿನ ವ್ಯಾಪ್ತಿಯಲ್ಲಿದ್ದರೆ ಡಿಕ್ರಿಯನ್ನು ಅಲ್ಲಿಗೆ ವರ್ಗಾಯಿಸೆಂದು ಕೇಳಬಹುದು. ೧೯೮೪ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ ೧೮ನೆಯ ಕಲಮೂ ಇದಕ್ಕೆ ಅವಕಾಶವನ್ನಿತ್ತಿದೆ. ವೆಚ್ಚದ ಭಯದಿಂದ ಹಿಂಜರಿಯಬೇಕಾದುದಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ೧೨ನೆಯ ಕಲಮಿನಂತೆ ಸ್ತ್ರೀಯರಿಗೂ ಮಕ್ಕಳಿಗೂ, ಅವರ ಆದಾಯವೆಷ್ಟೇ ಇರಲಿ, ಉಚಿತವಾಗಿ ವಕೀಲರ ಸಹಾಯವು ದೊರೆಯುವುದು. ತಾಲೂಕಿನ ಕೋರ್ಟಿನಲ್ಲಿಯೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ಸಾಕು. ೧೫೧೦೦ ಎಂಬ ದೂರವಾಣಿಯೂ ಇದಕ್ಕಾಗಿಯೇ ಇರುವುದು. ಲೋಕ ಅದಾಲತಿನಲ್ಲಿ ರಾಜಿಯಾದರೆ ಆ ನಿರ್ಣಯವೂ ಡಿಕ್ರಿಗೆ ಸಮಾನವಾಗಿ ಜಾರಿಗೊಳ್ಳತಕ್ಕದ್ದು. ಹಿರಿಯರ ಮಾತಿಗೆ ಕಾಯಿದೆಯ ಬಲ ಬೇಕೆನ್ನುವವರಿಗೆ ಅದೇ ತಕ್ಕ ಸ್ಥಾನ.

ಅರ್ಜಿಗೆ ಹೋಗುವವರು ಡಿಕ್ರಿಯ ದೃಢೀಕೃತ ಪ್ರತಿ, ಇದುವರೆಗೆ ಬಂದ ಹಣದ ಲೆಕ್ಕ, ಬಾಕಿಯ ತಿಂಗಳುವಾರು ಪಟ್ಟಿ, ಎದುರಾಳಿಯ ಹೊಲಮನೆಗಳ ಉತಾರ, ಪಗಾರದವನಾದರೆ ಕಚೇರಿಯ ವಿಳಾಸ ಇಷ್ಟನ್ನು ಕೂಡಿಸಿಕೊಂಡು ಹೋದರೆ ವಕೀಲರ ಅರ್ಧ ಕೆಲಸವು ಮುಗಿದಂತೆಯೇ.

ಆ ಹೆಣ್ಣುಮಗಳು ಸಮಿತಿಯ ವಕೀಲರ ಮೂಲಕ ಅವಧಿಯೊಳಗೇ ಅರ್ಜಿಯನ್ನು ಕೊಟ್ಟಳೆಂದೂ, ಎದುರಾಳಿಗೆ ನೋಟೀಸು ಹೊರಟಿದೆಯೆಂದೂ ಅವಳ ಅಣ್ಣನು ಮೊನ್ನೆ ಬಂದು ತಿಳಿಸಿದನು. ಅವನು ಈ ನಡುವೆ ಹೊಲವನ್ನು ತಮ್ಮನ ಹೆಸರಿಗೆ ಮಾಡಿರುವುದರಿಂದ ಮುಂದಿನ ದಾರಿ ಸುಲಭವಾಗಿಲ್ಲ. ಹತ್ತು ವರ್ಷ ಮೊದಲೇ ಬಂದಿದ್ದರೆ ಹೊಲವು ಅವನ ಹೆಸರಿನಲ್ಲಿಯೇ ಇರುತ್ತಿತ್ತು. ಡಿಕ್ರಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಇಂತಹವರು ನಮ್ಮ ಊರುಗಳಲ್ಲಿ ಇನ್ನೂ ಅನೇಕರಿರಬಹುದು. ವಾಚಕ ಮಹಾಶಯರಲ್ಲಿ ಬಹುಜನರು ತಮ್ಮ ತಮ್ಮ ಊರಿನಲ್ಲಿ ನಾಲ್ಕು ಜನರು ಬಂದು ಕಾಗದವನ್ನು ಓದಿಸಿಕೊಳ್ಳುವಂಥವರು. ಯಾರಾದರೂ ಅಂತಹ ಕಾಗದವನ್ನು ಮುಂದಿಟ್ಟಾಗ, ಇದು ಡಿಕ್ರಿಯೇ ಎಂದು ಮೊದಲು ನೋಡಿ, ಡಿಕ್ರಿಯಾದರೆ ಅದರ ತಾರೀಖನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ವಿನಂತಿಸಿ ಈ ಲೇಖನವನ್ನು ಮುಗಿಸುವೆನು.